ನಾಲ್ಕು ಗಂಟೆಯ ಬುತ್ತಿ

ಕಾಪುವಿನ ಸೌದಾಳ ಮನೆಯಲ್ಲಿ ಗಡಿಯಾರ ಇದ್ದದ್ದು ಚಾವಡಿಯಲ್ಲಲ್ಲ, ಅಡುಗೆ ಕೋಣೆಯಲ್ಲಿ. ಗಂಡ ಸಯೀದ್ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಕೊಂಡು ತಂದ ಕೀಲಿ ಗಡಿಯಾರ ಅದು. 1979ರ ಡಿಸೆಂಬರಿನಲ್ಲಿ ಸೌದಾ ಅದನ್ನು ಚಾವಡಿಯ ಗೋಡೆಯಿಂದ ಇಳಿಸಿ ಒಲೆಯ ಎದುರಿನ ಮೊಳೆಗೆ ತೂಗು ಹಾಕಿದಳು.

“ಗಂಜಿ ಬೇಯಿಸಲಿಕ್ಕೆ ಎಂತ ಗಂಟೆ ನೋಡಲಿಕ್ಕುಂಟಾ?” ಎಂದು ಅತ್ತೆ ಫಾತಿಮಾ ಕೇಳಿದರು.

“ಗಂಜಿಗಲ್ಲ ಮಾಮಿ. ನಾಲ್ಕು ಗಂಟೆಗೆ” ಎಂದಳು ಸೌದಾ.

ಅದಕ್ಕೆ ಎರಡು ವಾರ ಮೊದಲು ಅವಳ ಒಬ್ಬಳೇ ಮಗಳು, ಏಳು ವರ್ಷದ ಜುಬೈದಾ, ಮಣಿಪಾಲದ ಆಸ್ಪತ್ರೆಯಲ್ಲಿ ಮೂರು ದಿನ ಕಣ್ಣು ಬಿಟ್ಟಿರಲಿಲ್ಲ. ಮಗು ಒಂದು ತಿಂಗಳಿಂದ ಕೊಡಗಟ್ಟಲೆ ನೀರು ಕುಡಿಯುತ್ತಿತ್ತು. ಚಾಪೆ ಒದ್ದೆಯಾಗುತ್ತಿತ್ತು, ಬಚ್ಚಲಿಗೆ ಇರುವೆ ಮುತ್ತುತ್ತಿತ್ತು. ದೃಷ್ಟಿ ತಾಗಿದೆಯೆಂದು ಫಾತಿಮಾ ಮಂತ್ರಿಸಿದ ನೀರು ತರಿಸಿದ್ದರು. ಮಗು ಆ ನೀರನ್ನೂ ಗಟಗಟನೆ ಕುಡಿದು ಇನ್ನಷ್ಟು ಕೇಳಿತ್ತು. ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿದಾಗ ಸಯೀದ್ ನಂಬಲಿಲ್ಲ. ಅದು ಹೊಟ್ಟೆ ಬಂದ ಸಾಹುಕಾರರಿಗೆ ಬರುವ ಕಾಯಿಲೆ ಎಂದೇ ಅವನು ತಿಳಿದಿದ್ದ.

ಬಿಡುಗಡೆಯ ಹಿಂದಿನ ದಿನ ಆಂಜೆಲಾ ಎಂಬ ನರ್ಸ್ ಸೌದಾಳನ್ನು ಕೂರಿಸಿಕೊಂಡು ಎಲ್ಲವನ್ನೂ ಕಲಿಸಿದಳು. ಗಾಜಿನ ಸಿರಿಂಜನ್ನು ಕುದಿಸುವುದು, ತೊಡೆಯಲ್ಲಿ ಚುಚ್ಚುವ ಜಾಗ ಬದಲಿಸುವುದು, ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ತೆಗೆದುಕೊಂಡು ಎಂಟು ಹನಿ ಮೂತ್ರ ಬಿಟ್ಟು ಕಾಯಿಸುವುದು.

“ಇಟ್ಟಿಗೆ ಬಣ್ಣ ಬಂದರೆ ಸಕ್ಕರೆ ಜಾಸ್ತಿ. ನೀಲಿಯೇ ಉಳಿದರೆ ಒಳ್ಳೆಯದು. ಆದರೆ ದಿನಾ ಅಚ್ಚ ನೀಲಿ ಬಂದು, ಮಗು ಬೆವರಿ ಸಿಟ್ಟು ಮಾಡಿದರೆ ತಕ್ಷಣ ಇಲ್ಲಿಗೆ ಬನ್ನಿ” ಎಂದಳು ಆಂಜೆಲಾ. “ಬೆಳಿಗ್ಗೆ ಏಳಕ್ಕೆ ಚುಚ್ಚಿದ ಮದ್ದು ಮಧ್ಯಾಹ್ನದ ಮೇಲೆ ಜೋರು ಕೆಲಸ ಮಾಡ್ತದೆ. ನಾಲ್ಕು ಗಂಟೆಗೆ ಹೊಟ್ಟೆಗೆ ಬೀಳಲೇಬೇಕು. ಬೆಲ್ಲ ಬೇಡ, ಮೈದಾ ಬೇಡ, ಎಣ್ಣೆಯಲ್ಲಿ ಕರಿದದ್ದು ಬೇಡ. ರಾಗಿ, ಹೆಸರು, ಕಡಲೆ, ಸೊಪ್ಪು. ಅದು ತಪ್ಪಿ ಮಗು ನಡುಗಲಿಕ್ಕೆ ಸುರುವಾದರೆ ಮಾತ್ರ ಒಂದು ಹಿಡಿ ಸಕ್ಕರೆ ಬಾಯಿಗೆ ಹಾಕಿ.”

“ಸಕ್ಕರೆ ಕಾಯಿಲೆಗೆ ಸಕ್ಕರೆಯಾ ಸಿಸ್ಟರ್?”

“ಹೌದು. ಅದು ನಿಮಗೊಬ್ಬರಿಗೆ ಗೊತ್ತಿದ್ದರೆ ಸಾಲದು. ಮಗು ಹೋಗಿ ಬರುವ ದಾರಿಯವರಿಗೆಲ್ಲ ಹೇಳಿಡಿ.”

ಸೌದಾ ತಲೆಯಾಡಿಸಿದಳು. ವಾಪಸು ಬರುವ ಬಸ್ಸಿನಲ್ಲಿ, ಕಟಪಾಡಿ ದಾಟುವ ಹೊತ್ತಿಗೆ, ಯಾರಿಗೂ ಹೇಳುವುದಿಲ್ಲವೆಂದು ಅವಳೂ ಸಯೀದನೂ ನಿಶ್ಚಯಿಸಿಕೊಂಡಿದ್ದರು. ಮಗು ಹೆಣ್ಣು. ಇನ್ನು ಹತ್ತು ಹನ್ನೆರಡು ವರ್ಷಕ್ಕೆ ಸಂಬಂಧ ಕೇಳಿಕೊಂಡು ಬರುವವರು ಮೊದಲು ವಿಚಾರಿಸುವುದು ದಾರಿಯ ಅಂಗಡಿಗಳಲ್ಲೇ.

ತಿಂಡಿಯನ್ನು ಸೌದಾ ಹೊಸದಾಗಿ ಕಲಿಯಬೇಕಾಯಿತು. ಅವಳ ಕೈ ಪಳಗಿದ್ದು ಬೆಲ್ಲ ಹಾಕಿದ ಗುಳಿಯಪ್ಪಕ್ಕೆ, ಬಾಳೆಹಣ್ಣಿನ ಪೋಡಿಗೆ. ಈಗ ಹೆಸರುಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ರಾಗಿ ಹಿಟ್ಟು, ತೆಂಗಿನ ತುರಿ, ಜೀರಿಗೆ, ಹೆಚ್ಚಿದ ನುಗ್ಗೆಸೊಪ್ಪಿನ ಜೊತೆ ಕಲಸಿ, ಹಲಸಿನ ಎಲೆಯ ಕೊಟ್ಟೆಗಳಲ್ಲಿ ತುಂಬಿ ಹಬೆಯಲ್ಲಿ ಬೇಯಿಸಿದಳು. ಮೊದಲ ವಾರದ ಕಡುಬುಗಳು ಕಲ್ಲಾದವು. ಹಿಟ್ಟನ್ನು ಬಿಸಿ ನೀರಿನಲ್ಲಿ ನಾದಿ ಅರ್ಧ ಗಂಟೆ ಮುಚ್ಚಿಡಬೇಕೆಂದು ಎರಡನೇ ವಾರ ಗೊತ್ತಾಯಿತು. ಮಳೆಗಾಲದಲ್ಲಿ ನುಗ್ಗೆಗೆ ಬದಲು ಬೇಲಿ ಬುಡದ ಚಗಟೆ ಸೊಪ್ಪು, ಶನಿವಾರ ಬೇಯಿಸಿದ ಕಡಲೆ. ಮಗುವಿಗೆ ಎಷ್ಟು ಎಂಬುದನ್ನು ಒಂದು ಹಿತ್ತಾಳೆ ಲೋಟದಲ್ಲಿ ಅಳೆಯುತ್ತಿದ್ದಳು. ಆ ಲೋಟದಲ್ಲಿ ಮನೆಯಲ್ಲಿ ಬೇರೆ ಯಾರೂ ಚಹಾ ಕುಡಿಯುವಂತಿರಲಿಲ್ಲ.

ದೀಪಸ್ತಂಭದ ಕಡೆಗೆ ಹೋಗುವ ರಸ್ತೆಯಲ್ಲಿದ್ದ ಶಾಲೆಯಲ್ಲಿ ಕಾಯಿಲೆಯ ವಿಷಯ ಗೊತ್ತಿದ್ದದ್ದು ಪಂಕಜಾ ಟೀಚರಿಗೆ ಮಾತ್ರ. ಬೇರೆ ದಾರಿ ಇರಲಿಲ್ಲ, ಅವರಿಗೆ ಹೇಳಿದ್ದಾಗಿತ್ತು. ನಾಲ್ಕಕ್ಕೆ ಗಂಟೆ ಬಾರಿಸಿದ ಕೂಡಲೇ ಜುಬೈದಾ ಒಬ್ಬಳೇ ಜಗಲಿಯಲ್ಲಿ ಕೂತು ತಿನ್ನುವಾಗ ಉಳಿದ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ನಾಲ್ಕನೇ ದಿನ ಅವಳು ತಿನ್ನುವುದಿಲ್ಲವೆಂದು ಹಟ ಹಿಡಿದಳು.

“ನೀವು ಇಡೀ ಬೆಂಚಿಗೇ ತನ್ನಿ ಸೌದಾ” ಎಂದರು ಪಂಕಜಾ ಟೀಚರ್. “ಎಂಟು ಮಕ್ಕಳು. ಎಲ್ಲರೂ ತಿಂದರೆ ಇವಳೊಬ್ಬಳೇ ಯಾಕೆ ತಿನ್ನುವುದು ಅಂತ ಯಾರೂ ಕೇಳುವುದಿಲ್ಲ ಅಲ್ವಾ?”

ಸೌದಾಳಿಗೆ ಆ ಮಾತು ಹಿಡಿಸಿತು. ಗುಟ್ಟು ಕಾಯಲು ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಮರುದಿನದಿಂದ ಮೂರು ಮುಕ್ಕಾಲಿಗೆ ಸರಿಯಾಗಿ ಅವಳು ಬುರ್ಖಾ ಹಾಕಿಕೊಂಡು, ಅಲ್ಯುಮಿನಿಯಮ್ಮಿನ ತೂಕುಪಾತ್ರೆಯಲ್ಲಿ ಹದಿನಾರು ಕಡುಬು ಹಿಡಿದು ಶಾಲೆಗೆ ಹೊರಟಳು. ಮಕ್ಕಳು ಅವಳನ್ನು ‘ಕಡುಬಿನ ಉಮ್ಮ’ ಎಂದರು.

“ಉಪ್ಪೂ ಇಲ್ಲ, ಸಿಹಿಯೂ ಇಲ್ಲ. ಇದನ್ನು ನಮ್ಮ ದನ ತಿನ್ನುತ್ತದೆ” ಎಂದಳು ಜುಬೈದಾಳ ಪಕ್ಕದಲ್ಲೇ ಕೂರುತ್ತಿದ್ದ ಸ್ವರ್ಣಲತಾ.

“ಹಾಗಾದರೆ ನಿನಗೆ ಇನ್ನೊಂದು ಬೇಡವಾ?” ಎಂದಳು ಸೌದಾ.

“ಬೇಕು.”

ಆ ದಿನಗಳಲ್ಲಿ ಸೌದಾ ಕೆಲವು ಸಲ ನಕ್ಕದ್ದುಂಟು.

ಮದ್ದಿನ ಸೀಸೆಯನ್ನು ತಣ್ಣಗಿಡಬೇಕಿತ್ತು. ಎರಡು ದಿನಕ್ಕೊಮ್ಮೆ ಸಯೀದ್ ಮಲ್ಪೆಯಿಂದ ಮರದ ಹುಡಿಯಲ್ಲಿ ಹುಗಿದ ಐಸ್ ತರುತ್ತಿದ್ದ. ಜೂನಿನಲ್ಲಿ ಮಳೆಗಾಲಕ್ಕೆ ಬೋಟುಗಳು ದಡ ಸೇರಿ ಐಸ್ ಪ್ಲಾಂಟ್ ನಿಂತಿತು. ಶಾಲೆಯ ದಾರಿಯ ತಿರುವಿನಲ್ಲಿ ಶರಬತ್ತಿನ ಅಂಗಡಿ ಇಟ್ಟಿದ್ದ ಜಮಾಲನ ಹತ್ತಿರ ಅವನ ತಮ್ಮ ಗಲ್ಫಿನಿಂದ ಕಳಿಸಿದ ಸಣ್ಣ ಫ್ರಿಜ್ ಇತ್ತು.

“ಇದು ಎಂತದರ ಮದ್ದು ಸೌದಾ?” ಜಮಾಲ್ ಸೀಸೆಯನ್ನು ಬೆಳಕಿಗೆ ಹಿಡಿದು ಕೇಳಿದ.

“ಮಗುವಿನ ಶಕ್ತಿಗೆ ಜಮಾಲ್ ಕಾಕ. ವಿಟಮಿನ್.”

“ಇಡು, ಇಡು. ಸೋಡಾದ ಹಿಂದೆ ಇಡು. ಯಾರೂ ಮುಟ್ಟುವುದಿಲ್ಲ.” ಎಂದೂ ಎರಡನೇ ಪ್ರಶ್ನೆ ಕೇಳದ ಮನುಷ್ಯ ಅವನು. ಮೂರು ಮಳೆಗಾಲ ಆ ಸೀಸೆಗಳನ್ನು ಅವನೇ ಕಾದ.

1982ರ ಜೂನಿನಲ್ಲಿ ಪಂಕಜಾ ಟೀಚರಿಗೆ ಕಾರ್ಕಳದ ಕಡೆಗೆ ವರ್ಗವಾಯಿತು. ಹೊರಡುವ ದಿನ ಅವರು ಸೌದಾಳ ಮನೆಗೇ ಬಂದರು. ಚಾವಡಿಯಲ್ಲಿ ಫಾತಿಮಾ ಇದ್ದುದರಿಂದ ಬಾವಿಕಟ್ಟೆಯ ಹತ್ತಿರ ನಿಂತು ಮಾತಾಡಿದರು.

“ಹೊಸಬರಿಗೆ ನಾನು ಹೇಳಿ ಹೋಗ್ತೇನೆ.”

“ಬೇಡ ಟೀಚರೇ.”

“ಬೇಡ ಅಂದರೆ ಹೇಗೆ? ತಲೆ ಸುತ್ತಿ ಬಿದ್ದರೆ ಅವರಿಗೆ ಎಂತ ಗೊತ್ತಾಗ್ತದೆ?”

“ಬೀಳುವುದಿಲ್ಲ. ಮೂರು ವರ್ಷದಲ್ಲಿ ಒಂದು ದಿನ ನಾನು ತಪ್ಪಿದ್ದುಂಟಾ? ಅವರು ಊರಿನವರು, ಬಾಯಿಂದ ಬಾಯಿಗೆ ಹೋಗ್ತದೆ. ನಮ್ಮದು ಹೆಣ್ಣು ಮಗು ಅಲ್ವಾ.”

“ನಿಮ್ಮ ಇಷ್ಟ” ಎಂದು ಪಂಕಜಾ ಟೀಚರ್ ಕೊಡೆ ಬಿಡಿಸಿದರು.

ಆ ವರ್ಷ ಜೂನ್ ಕೊನೆಯ ವಾರ ರಂಜಾನ್ ಹಿಡಿಯಿತು. ಜುಬೈದಾಳ ಚಿಕ್ಕಪ್ಪನ ಮಗಳು, ಅವಳಿಗಿಂತ ಆರು ತಿಂಗಳಿಗೆ ಕಿರಿಯಳು, ಎರಡನೇ ದಿನವೇ ಮೊದಲ ನೋಂಬು ಹಿಡಿದಳು. ಮಕ್ಕಳ ಮೊದಲ ಉಪವಾಸ ಆ ಮನೆಗಳಲ್ಲಿ ಸಣ್ಣ ಹಬ್ಬ. ಸಂಜೆ ಮಸೀದಿಯಲ್ಲಿ ಬಾಂಗ್ ಕೂಗುವ ಮೊದಲೇ ಹುಡುಗಿಗೆ ಹೊಸ ಅಂಗಿ ತೊಡಿಸಿ, ಮಲ್ಲಿಗೆ ಮುಡಿಸಿ ನಡುಮನೆಯಲ್ಲಿ ಕೂರಿಸಿದ್ದರು. ಸಂಬಂಧಿಕರು ತಟ್ಟೆಗಳಲ್ಲಿ ಸಿಹಿ ತಂದಿದ್ದರು. ಫಾತಿಮಾ ಮೊಮ್ಮಗಳ ಬಾಯಿಗೆ ಖರ್ಜೂರ ಇಟ್ಟು ಕಣ್ಣೊರೆಸಿಕೊಂಡರು.

“ನಿನ್ನದು ಯಾವಾಗ ಜುಬೈದಾ?” ಎಂದು ಯಾರೋ ಕೇಳಿದರು.

“ಅವಳಿಗಿಲ್ಲ” ಎಂದು ಫಾತಿಮಾ ತಗ್ಗಿದ ದನಿಯಲ್ಲಿ ಹೇಳಿದರು. “ಅವಳಿಗೆ ಸೌಖ್ಯ ಇಲ್ಲ ಅಲ್ವಾ.”

ಅದರಲ್ಲಿ ಕೊಂಕು ಇರಲಿಲ್ಲ. ಸೌದಾ ಅದನ್ನು ಎಷ್ಟೋ ಸಲ ನೆನೆದು ನೋಡಿದ್ದಾಳೆ, ಕೊಂಕು ಇರಲಿಲ್ಲ. ಮದ್ರಸದ ಉಸ್ತಾದರನ್ನೂ ಅವಳು ಮೊದಲೇ ಗುಟ್ಟಾಗಿ ಕೇಳಿದ್ದಳು. ಕಾಯಿಲೆಯವರಿಗೆ ನೋಂಬಿನ ಕಡ್ಡಾಯ ಇಲ್ಲ, ಆ ಮಗುವಿಗೆ ಹೊತ್ತಿಗೆ ಸರಿಯಾಗಿ ಉಣ್ಣಿಸುವುದೇ ನಿನಗೆ ಪುಣ್ಯ ಎಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಸೌದಾ ಮಗಳಿಗೆ ಅದನ್ನೇ ಹೇಳಿದಳು. ಹತ್ತು ವರ್ಷದ ಹುಡುಗಿ ಕೇಳಿಸಿಕೊಂಡದ್ದು ಕಾಯಿಲೆಯವಳು ಎಂಬುದನ್ನು ಮಾತ್ರ.

ಆ ರಂಜಾನಿನಲ್ಲಿ ಸೌದಾ ಇನ್ನೊಂದು ನಿರ್ಧಾರ ಮಾಡಿದಳು. ಹಿಂದಿನ ವರ್ಷಗಳಲ್ಲಿ ಉಪವಾಸದ ದಿನಗಳಲ್ಲೂ ಅವಳು ಪಾತ್ರೆ ಹಿಡಿದು ಹೋಗಿದ್ದಳು. ಆದರೆ ಈ ಸಲ ಬೆಂಚಿನ ಮೂವರು ಮಕ್ಕಳು ಅರ್ಧ ದಿನದ ನೋಂಬು ಹಿಡಿಯುತ್ತಿದ್ದರು. ಬಿಸಿ ಕಡುಬಿನ ವಾಸನೆ ಹೊತ್ತುಕೊಂಡು, ಬಾಯಿ ಒಣಗಿ ಅಂಗಡಿ ಜಗಲಿಯಲ್ಲಿ ಕೂತ ಗಂಡಸರ ಎದುರಿನಿಂದ ನಡೆಯುವುದು ಅವಳಿಗೆ ಮರ್ಯಾದೆ ಎನಿಸಲಿಲ್ಲ. ಬೆಳಿಗ್ಗೆಯೇ ಎರಡು ಕಡುಬು ಕಟ್ಟಿ ಮಗಳ ಚೀಲದಲ್ಲಿಟ್ಟಳು.

“ನಾಲ್ಕು ಗಂಟೆಗೆ ತಿನ್ನಬೇಕು. ಗಂಟೆ ಹೊಡೆದ ಕೂಡಲೇ.”

“ಹೂಂ.”

ಗೆಳತಿಯರ ಜೊತೆ ಹೊತ್ತು ಕಳೆದು ಸಂಜೆ ಐದು ಗಂಟೆಗೆ ಮನೆಗೆ ಬಂದವಳನ್ನು ಕೇಳಿದರೆ, “ತಿಂದೆ.” ಚೀಲದಲ್ಲಿ ಖಾಲಿ ಕೊಟ್ಟೆಗಳಿರುತ್ತಿದ್ದವು.

ಸಂಜೆಯ ಪರೀಕ್ಷೆಯಲ್ಲಿ ಕೊಳವೆ ನೀಲಿಯಾಗಿಯೇ ಉಳಿಯಿತು. ಮರುದಿನವೂ ನೀಲಿ. ಮೂರು ವರ್ಷದಲ್ಲಿ ಸಾಲಾಗಿ ಐದು ದಿನ ಆ ಬಣ್ಣವನ್ನು ಸೌದಾ ಕಂಡಿರಲಿಲ್ಲ. ಹೆಚ್ಚೆಂದರೆ ಹಸಿರು, ಹಬ್ಬದ ಮರುದಿನ ಹಳದಿ. ಅವಳು ಕೊಳವೆಯನ್ನು ಕಿಟಕಿಯ ಹತ್ತಿರ ಹಿಡಿದು ಸಯೀದನಿಗೂ ತೋರಿಸಿದಳು.

“ಗುಣ ಆಗ್ತಾ ಉಂಟಾ?” ಎಂದು ಅವನು ಆಸೆಯಿಂದ ಕೇಳಿದ.

“ಗೊತ್ತಿಲ್ಲ. ಆಗ್ತಾ ಇರಬಹುದು.”

ಆ ಐದು ದಿನ ಮಗಳು ಸಂಜೆ ತಲೆನೋವೆಂದು ಮಲಗುತ್ತಿದ್ದಳು. ಕೂದಲ ಬುಡ ಬೆವರಿ ಒದ್ದೆಯಾಗಿರುತ್ತಿತ್ತು. ಬಾಚಲು ಹೋದರೆ ಸಿಡುಕುತ್ತಿದ್ದಳು. ಮಳೆಗಾಲದ ಸೆಕೆ ಎಂದುಕೊಂಡು ಸೌದಾ ಬೀಸಣಿಗೆ ಹಿಡಿದಳು. ಆಂಜೆಲಾ ಹೇಳಿದ ಎರಡು ಮಾತುಗಳಲ್ಲಿ ಅವಳ ನೆನಪಿನಲ್ಲಿ ನಿಂತಿದ್ದದ್ದು ಮೊದಲನೆಯದು, ನೀಲಿ ಒಳ್ಳೆಯದು ಎಂಬುದು.

ಜುಬೈದಾ ಲೆಕ್ಕ ಹಾಕಿಕೊಂಡದ್ದು ಹೀಗೆ. ಬೆಳಗಿನ ಸೂಜಿಯ ಮೇಲೆ ಉಮ್ಮ ಎದುರು ಕೂತು ತಿನ್ನಿಸುತ್ತಾಳೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ಮಧ್ಯಾಹ್ನ ಉಂಡ ಮೇಲೆ ಸಂಜೆಯ ಬಾಂಗ್‌ವರೆಗೆ ಏನೂ ಮುಟ್ಟದಿದ್ದರೆ ಸಣ್ಣ ಮಕ್ಕಳ ಅರ್ಧ ನೋಂಬು ಆಗುತ್ತದೆ. ಹಾಗೆ ಹತ್ತು ದಿನ ಹಿಡಿದು, ಆಮೇಲೆ ಹೇಳುವುದು. ಆಗ ಅಜ್ಜಿ ತನ್ನ ಬಾಯಿಗೂ ಖರ್ಜೂರ ಇಡುತ್ತಾರೆ. ಕಡುಬುಗಳನ್ನು ಅವಳು ಸ್ವರ್ಣಲತಾಳಿಗೆ ಕೊಡುತ್ತಿದ್ದಳು.

ಆರನೇ ದಿನ ಮಳೆ ಬಿಡದೆ ಸುರಿಯುತ್ತಿತ್ತು. ನಾಲ್ಕೂ ಕಾಲಿನ ಹೊತ್ತಿಗೆ ಜುಬೈದಾ ಜಮಾಲನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ನೋಂಬಿನ ತಿಂಗಳಾದ್ದರಿಂದ ಅವನು ಅರ್ಧ ಹಲಗೆ ಹಾಕಿಕೊಂಡು ಒಳಗೆ ಕೂತಿದ್ದ. ಜೊತೆಗೆ ಮೀನಿನ ಲಾರಿಯ ಕುಂಞಿ ಮೊಹಮ್ಮದ್ ಇದ್ದ. ಮಳೆಗಾಲದಲ್ಲಿ ಅವನಿಗೂ ಕೆಲಸವಿಲ್ಲ.

“ಎಂತ ಮೋಳೇ, ಮಳೆಗೆ ನಿಂತದ್ದಾ?” ಎಂದ ಜಮಾಲ್.

ಹುಡುಗಿಯ ಮುಖ ಬಿಳಿಚಿತ್ತು. ತುಟಿ ನಡುಗುತ್ತಿತ್ತು. “ನೋಂಬು” ಎಂದಳು. ಅಷ್ಟೇ.

ಜಮಾಲನ ಮುಖ ಅರಳಿತು. “ನೋಡು ಮಾರಾಯ! ಮನೆಯವರು ಒಬ್ಬರೂ ಹೇಳಲಿಲ್ಲ.” ತನ್ನ ಮೂವರು ಮಕ್ಕಳ ಮೊದಲ ನೋಂಬನ್ನು ಅವನು ಕಂಡಿದ್ದ. ಮೂವರೂ ಸಂಜೆಯ ಹೊತ್ತಿಗೆ ಹೀಗೇ ಬಾಡಿದ್ದರು. ಅವನು ಹುಡುಗಿಯನ್ನು ಎತ್ತಿ ಬೆಂಚಿನ ಮೇಲೆ ಮಲಗಿಸಿದ. ಗೋಣಿ ಮಡಚಿ ತಲೆಯಡಿ ಇಟ್ಟ. ಹಣೆಯ ಬೆವರನ್ನು ತನ್ನ ಶಾಲಿನಿಂದ ಒರೆಸಿದ.

“ಒಂದು ಗುಟುಕು ಶರಬತ್ತು ಕೊಡು. ಮಕ್ಕಳಿಗೆ ಎಂತ ಲೆಕ್ಕ ಉಂಟು?” ಎಂದ ಕುಂಞಿ ಮೊಹಮ್ಮದ್.

ಜಮಾಲ್ ಲೋಟ ತುಂಬಿ ತಂದು ತುಟಿಗೆ ಹಿಡಿದ. ಹುಡುಗಿ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಅವನು ಲೋಟವನ್ನು ಕೆಳಗಿಟ್ಟ. “ನೋಡು, ಎಷ್ಟು ಗಟ್ಟಿ! ಇಷ್ಟು ಹಿಡಿದದ್ದನ್ನು ನಾನು ಮುರಿಸುವುದಾ? ಎದ್ದ ಮೇಲೆ ಅಳುತ್ತಾಳೆ. ಬಾಂಗ್‌ವರೆಗೆ ಮಲಗಲಿ. ನೀನು ಮನೆಗೆ ಹೋಗುವಾಗ ಸೌದಾಳಿಗೆ ಒಂದು ಮಾತು ಹೇಳು.”

ಕುಂಞಿ ಮೊಹಮ್ಮದ್ ಹೋಗುವಾಗ ಐದು ದಾಟಿತ್ತು. ಅಂಗಳದಿಂದಲೇ ಅವನು ಕೂಗಿದ, “ಸಿಹಿ ಎಲ್ಲಿ ಉಂಟು ಸೌದಾ? ಮಗಳು ನೋಂಬು ಹಿಡಿದು ಜಮಾಲನ ಬೆಂಚಿನಲ್ಲಿ ಮಲಗಿದ್ದಾಳೆ!”

ಸೌದಾ ಬುರ್ಖಾ ಹಾಕಿಕೊಳ್ಳಲಿಲ್ಲ. ಅವಳು ತಲೆಯ ಮೇಲೆ ಬಟ್ಟೆ ಇಲ್ಲದೆ ರಸ್ತೆಯಲ್ಲಿ ಓಡಿದ್ದನ್ನು ಕಾಪುವಿನವರು ಕಂಡದ್ದು ಆ ದಿನ ಮಾತ್ರ. ಅಂಗಡಿಗೆ ನುಗ್ಗಿದವಳೇ ಸಕ್ಕರೆ ಭರಣಿಗೆ ಕೈ ಹಾಕಿದಳು. ಜಮಾಲ್, “ಇನ್ನು ಎರಡು ಗಂಟೆ ಅಲ್ವಾ ಸೌದಾ, ಮಗು ಹಿಡಿದದ್ದನ್ನು” ಎಂದು ತಡೆಯಲು ಬಂದವನು ಅವಳ ಮುಖ ನೋಡಿ ನಿಂತ. ಕಚ್ಚಿದ ಹಲ್ಲುಗಳ ಮೇಲೆ ಸುರಿದ ಸಕ್ಕರೆ ಒಳಗೆ ಹೋಗಲಿಲ್ಲ. ಬಾಯಿಯ ಅಂಚಿನಿಂದ ಗೋಣಿಯ ಮೇಲೆ ಉದುರಿತು. ಬೆಂಚಿನಿಂದ ಭರಣಿಗೆ ಒಂದು ಗಜದ ಅಂತರವೂ ಇರಲಿಲ್ಲ.

ಬಾಡಿಗೆ ಕಾರು ಹಿಡಿದು ತಂದವನು ಜಮಾಲನೇ. ಮಳೆಯಲ್ಲಿ ಉಡುಪಿ ದಾಟಿ ಮಣಿಪಾಲ ಮುಟ್ಟುವಾಗ ಏಳಾಗಿತ್ತು. ಕಾರಿನ ಕಿಟಕಿಯಿಂದ ಯಾವುದೋ ಮಸೀದಿಯ ಬಾಂಗ್ ಕೇಳಿಸಿತು. ಯಾರೂ ನೋಂಬು ಬಿಡಲಿಲ್ಲ.

ಪ್ರಾಣ ಉಳಿಯಿತು. ಇಪ್ಪತ್ತಮೂರು ದಿನಗಳ ಮೇಲೆ ಜುಬೈದಾ ಮನೆಗೆ ಬಂದಳು. ಬಲಗೈ ಸ್ವಾಧೀನದಲ್ಲಿರಲಿಲ್ಲ. ಮಾತು ಒಂದೊಂದೇ ಪದವಾಗಿ, ತಡವಾಗಿ ಬರುತ್ತಿತ್ತು. ಅಕ್ಷರಗಳೆಲ್ಲ ಮರೆತುಹೋಗಿದ್ದವು. ಮಿದುಳಿಗೆ ತುಂಬ ಹೊತ್ತು ಸಕ್ಕರೆ ಸಿಗಲಿಲ್ಲ ಎಂದು ವೈದ್ಯರು ಹೇಳಿದರು. ದಾರಿಯವರಿಗೆಲ್ಲ ಹೇಳಿದ್ದಿರಾ ಎಂದು ಆಂಜೆಲಾ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತೆಂದು ಸೌದಾಳಿಗೆ ಆಮೇಲೆ ಅನಿಸಿದ್ದುಂಟು.

ಸ್ವರ್ಣಲತಾ ತಾಯಿಯ ಸೆರಗು ಹಿಡಿದು ಬಂದು ಎಲ್ಲವನ್ನೂ ಹೇಳಿದಳು. “ಕಡುಬು ನಾನೇ ತಿಂದದ್ದು. ದೇವರಿಗೆ ಮಾತು ಕೊಟ್ಟಿದ್ದೇನೆ, ಯಾರಿಗೂ ಹೇಳಬೇಡ ಅಂದಳು.” ಸೌದಾ ಅವಳ ತಲೆ ಸವರಿ ಕಳಿಸಿದಳು. ಆ ಹುಡುಗಿ ಮುಂದೆ ಹೈಸ್ಕೂಲಿಗೆ ಹೋಗುವಾಗಲೂ ಈ ಮನೆಯಿರುವ ರಸ್ತೆ ಬಿಟ್ಟು ಸುತ್ತು ದಾರಿಯಲ್ಲಿ ಹೋದಳು.

ಈಗ ಊರಿಗೆಲ್ಲ ಗೊತ್ತಾಗಿತ್ತು. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಆದರೆ ಬೆಳಗಿನ ಸೂಜಿ ಉಳಿದಿತ್ತು, ನಾಲ್ಕು ಗಂಟೆ ಉಳಿದಿತ್ತು. ಮನೆಯಲ್ಲಿ ಕೊಟ್ಟರೆ ಜುಬೈದಾ ಬಾಯಿ ತೆರೆಯುತ್ತಿರಲಿಲ್ಲ. ಮೂರೂವರೆಯಾದರೆ ಎಡಗೈಯಲ್ಲಿ ಚೀಲ ಎಳೆದುಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಪಾಠ ನಿಂತಿದ್ದರೂ ಅವಳಿಗೆ ತಿಂಡಿಯೆಂದರೆ ಶಾಲೆಯ ಜಗಲಿ, ಪಕ್ಕದಲ್ಲಿ ಮಕ್ಕಳು. ಹೀಗಾಗಿ ಸೌದಾ ಮತ್ತೆ ಹದಿನಾರು ಕಡುಬು ಬೇಯಿಸತೊಡಗಿದಳು. ಬೆಂಚಿನ ಮಕ್ಕಳು ವರ್ಷ ವರ್ಷ ಬದಲಾದರು. ಎಂಟು, ಒಂಬತ್ತು ವರ್ಷದವರ ನಡುವೆ ಜುಬೈದಾ ಮಾತ್ರ ಉದ್ದವಾಗುತ್ತ ಹೋದಳು. ಸಂಬಂಧ ಕೇಳಿಕೊಂಡು ಯಾರೂ ಬರಲಾರರೆಂದು ಎಲ್ಲರಿಗೂ ಗೊತ್ತಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಜಮಾಲ್ ಬೆಂಚನ್ನು ಅಂಗಡಿಯಿಂದ ತೆಗೆಸಿದ. ಸೌದಾ ಎದುರಿನಿಂದ ಹೋಗುವಾಗ ಅವನು ಸೋಡಾ ಬಾಟಲಿಗಳನ್ನು ಒರೆಸುತ್ತಿದ್ದ. ಮಳೆಗಾಲದಲ್ಲಿ ಮದ್ದಿನ ಸೀಸೆಯನ್ನು ಮಾತಿಲ್ಲದೆ ತೆಗೆದುಕೊಡುತ್ತಿದ್ದ.

1985ರಲ್ಲಿ ರಂಜಾನಿನ ಕೊನೆಯ ದಿನಗಳು ಜೂನಿಗೆ ಬಂದವು. ಶಾಲೆ ತೆರೆದಿತ್ತು. ನೋಂಬಿನ ಒಂದು ದಿನ ಸೌದಾ ಎಂದಿನಂತೆ ಮೂರು ಮುಕ್ಕಾಲಿಗೆ ತೂಕುಪಾತ್ರೆ ಹಿಡಿದು ಮಗಳ ಜೊತೆ ಹೊರಟಳು. ಮುಚ್ಚಳದ ಸಂದಿನಿಂದ ಹಬೆ ಏಳುತ್ತಿತ್ತು. ಜಗಲಿಗಳಲ್ಲಿ ಕೂತ ಗಂಡಸರು ಆ ಪಾತ್ರೆ ಕಂಡಾಗ ಈಗ ಕಾಲು ಮಡಚಿ ದಾರಿ ಬಿಡುತ್ತಿದ್ದರು. ತಿರುವಿನಲ್ಲಿ ಜಮಾಲ್ ಅಂಗಡಿಯಿಂದ ಇಳಿದು ಬಂದ. ಮೂರು ವರ್ಷದಲ್ಲಿ ಅದು ಮೊದಲ ಸಲ.

“ಅವತ್ತು ನನಗೆ ಒಂದು ಮಾತು ಗೊತ್ತಿದ್ದಿದ್ದರೆ ಸೌದಾ” ಎಂದ.

“ನಾನು ವಿಟಮಿನ್ ಅಂದಿದ್ದೆ ಅಲ್ವಾ ಜಮಾಲ್ ಕಾಕ” ಎಂದಳು ಸೌದಾ. “ನೀವು ನಂಬಿದಿರಿ.”

ಅವನು ಕೊಡೆ ಬಿಡಿಸಿ ಜುಬೈದಾಳ ತಲೆಯ ಮೇಲೆ ಹಿಡಿದ. ಶಾಲೆಯ ಗೇಟಿನವರೆಗೆ ಮೂವರೂ ಒಟ್ಟಿಗೆ ನಡೆದರು. ಗಂಟೆ ಹೊಡೆಯಿತು. ನೋಂಬು ಹಿಡಿದ ಮಕ್ಕಳು ಮನೆಗೆ ಹೋದರು, ಉಳಿದ ಐವರು ಜಗಲಿಯಲ್ಲಿ ಸಾಲಾಗಿ ಕೂತರು. ಸೌದಾ ಹಲಸಿನ ಎಲೆ ಬಿಡಿಸಿ, ಕಡುಬನ್ನು ಸಣ್ಣಗೆ ಮುರಿದು, ಮಗಳ ಎಡಗೈಗೆ ಇಟ್ಟಳು.

ಜುಬೈದಾ ಅದನ್ನು ಬಾಯಿಯ ಹತ್ತಿರ ಒಯ್ದು ನಿಲ್ಲಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ದಿನಾ ಕೇಳುವ ಪ್ರಶ್ನೆ ಒಂದಿತ್ತು. ವರ್ಷದ ಹನ್ನೊಂದು ತಿಂಗಳು ಅದಕ್ಕೆ ಉತ್ತರಿಸಲು ಸೌದಾಳಿಗೆ ಕಷ್ಟವಿರಲಿಲ್ಲ.

“ಉಮ್ಮ, ಇವತ್ತು ನೋಂಬಾ?”

ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿದ್ದ ಜಮಾಲ್ ತಲೆ ತಗ್ಗಿಸಿದ.

“ಅಲ್ಲ” ಎಂದಳು ಸೌದಾ. “ತಿನ್ನು.”